ತೂತಿಲ್ಲದ ಪೆಟ್ಟಿಗೆಯ ಮಹನೀಯರಿಗೆ

ಟ್ರಾವೆಲ್ ಟ್ರೈಲರುಗಳಿಗೆ ಬ್ಯಾಟರಿ ಪೆಟ್ಟಿಗೆ ತಯಾರಿಸುವ, ಜೋಡಿಸುವ ಹಾಗೂ ಮಾರುವ ಸಮಸ್ತ ಅಮೆರಿಕನ್ ಮಹನೀಯರ ಸನ್ನಿಧಿಗೆ,

ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಪೆಟ್ಟಿಗೆಯೊಳಗಿನ ನೀರೂ ಕ್ಷೇಮ. ಏಪ್ರಿಲ್ ಮಳೆಗೆ ಒಳಗೆ ಬಂದದ್ದು ಇನ್ನೂ ಹೊರಟಿಲ್ಲ.

ಗಾಲಿಮನೆ ಕಾಣದ ನಮ್ಮೂರ ಓದುಗರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ, ತಾವು ಅಷ್ಟುಹೊತ್ತು ಕಾಫಿ ಕುಡಿಯಿರಿ. ಈ ಟ್ರೈಲರನ್ನು ಪಿಕಪ್ ಹಿಂದೆ ಎಳೆದೊಯ್ಯುತ್ತಾರೆ. ಮಂಚ, ಒಲೆ, ಕಕ್ಕಸು ಎಲ್ಲಕ್ಕೂ ಮೇಲೊಂದು ಸೂರಿದೆ. ಬಯಲಲ್ಲಿರುವುದು ಮುಂದಿನ ಮೂಕಿ ಮಾತ್ರ, ಕೊಂಡಿಯ ಹಿಂದಿನ ತ್ರಿಕೋನಾಕಾರದ ಕಬ್ಬಿಣದ ಚೌಕಟ್ಟು. ಅದರ ಮೇಲೆ ಪ್ರೊಪೇನ್ ಸಿಲಿಂಡರುಗಳು, ಅವುಗಳ ಬೆನ್ನಿಗೊಂದು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ 12 ವೋಲ್ಟಿನ ಬ್ಯಾಟರಿ. ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಎಲ್ಲ ಇದನ್ನೇ ನಂಬಿವೆ. ಹೆದ್ದಾರಿಯಲ್ಲಿ ಕೊಂಡಿ ಕಳಚಿ ಟ್ರೈಲರು ಸ್ವತಂತ್ರವಾದರೆ ಅದರ ಬ್ರೇಕು ಹಿಡಿಯಬೇಕಾದ್ದೂ ಇದೇ ಬ್ಯಾಟರಿಯ ಬಲದಿಂದ. ಅಂಥದ್ದನ್ನು ಮಳೆಗೆ ಒಡ್ಡಿ, ತೂತಿಲ್ಲದ ತೊಟ್ಟಿಯೊಳಗೆ ಕೂರಿಸಿದ ತಮ್ಮ ಧೈರ್ಯ ದೊಡ್ಡದು.

ಕಾರಣ ಗೊತ್ತು. ಈ ಪೆಟ್ಟಿಗೆಯ ಕುಲಮೂಲ ದೋಣಿ. ದೋಣಿಯಲ್ಲಿ ಬ್ಯಾಟರಿ ಆಸನದ ಕೆಳಗೆಲ್ಲೋ ಮರೆಯಲ್ಲಿರುತ್ತದೆ; ಚೆಲ್ಲಿದ ಆ್ಯಸಿಡ್ ದೋಣಿಯ ತಳಕ್ಕೆ ಇಳಿಯಬಾರದು, ಆದ್ದರಿಂದ ಪೆಟ್ಟಿಗೆಗೆ ತೂತಿಲ್ಲ. ಸರಿಯಾದ ಮಾತೇ. ಅದೇ ಅಚ್ಚಿನ ಪೆಟ್ಟಿಗೆಯನ್ನು ತಂದು ಮೂಕಿಯ ಮೇಲಿಟ್ಟಿರಿ. ದೋಣಿಯ ಬ್ಯಾಟರಿಗೆ ಅಮೆರಿಕದಲ್ಲಿ ಇನ್ನೊಂದು ನಿಯಮವೂ ಇದೆ: 90 ಪೌಂಡ್ ಅಥವಾ ಬ್ಯಾಟರಿಯ ತೂಕದ ಎರಡರಷ್ಟು, ಯಾವುದು ಕಡಿಮೆಯೋ ಅಷ್ಟು ಬಲ ಹಾಕಿ ಯಾವ ದಿಕ್ಕಿಗೆ ಎಳೆದರೂ ಅದು ಒಂದು ಇಂಚಿಗಿಂತ ಹೆಚ್ಚು ಜರುಗಬಾರದು. ಅದನ್ನೇಕೋ ತರಲು ಮರೆತಿರಿ. ಇಪ್ಪತ್ತು-ಇಪ್ಪತ್ತೈದು ಕಿಲೋ ಸೀಸವನ್ನು ಒಂದು ನೈಲಾನ್ ಪಟ್ಟಿ, ಒಂದು ಪ್ಲಾಸ್ಟಿಕ್ ಬಕಲ್‌ಗೆ ಒಪ್ಪಿಸಿ ಕೈತೊಳೆದುಕೊಂಡಿರಿ. ಕೈತೊಳೆಯಲು ನೀರಂತೂ ಪೆಟ್ಟಿಗೆಯಲ್ಲೇ ಇತ್ತು.

ನಮ್ಮ ಬೆಂಗಳೂರಿನಲ್ಲಿ ಮಳೆನೀರು ಹಿಡಿದಿಡಿ ಎಂದು 2009ರಲ್ಲಿ ಕಾನೂನೇ ತರಬೇಕಾಯಿತು. ತಾವು ಕಾನೂನಿಲ್ಲದೆ, ನೋಟೀಸಿಲ್ಲದೆ ಪ್ರತಿ ಟ್ರೈಲರಿನ ಮೂತಿಯಲ್ಲೂ ಅದನ್ನು ಸಾಧಿಸಿದ್ದೀರಿ. ಅದೂ ಎಲ್ಲಿಂದ? ಅಮೆರಿಕದ ಗಾಲಿಮನೆಗಳ ರಾಜಧಾನಿ ಎನಿಸಿಕೊಂಡ ಇಂಡಿಯಾನಾದ ಎಲ್ಕಾರ್ಟ್‌ನಿಂದ. ಸೇಂಟ್ ಜೋಸೆಫ್ ಮತ್ತು ಎಲ್ಕಾರ್ಟ್ ನದಿಗಳು ಕೂಡುವ ಊರು ಅದು. ಅಲ್ಲಿ ಕೂತು ನೀರು ಎಂಬ ಪದಾರ್ಥವನ್ನು ಮರೆಯಲು ವಿಶೇಷ ಏಕಾಗ್ರತೆ ಬೇಕು.

ದೂರು ಕೊಡೋಣವೆಂದರೆ ಟ್ರೈಲರ್ ಕಾರ್ಖಾನೆಯವರು, "ನಾವು ಬ್ಯಾಟರಿಯನ್ನೇ ಕೊಡುವುದಿಲ್ಲ, ಡೀಲರನ್ನು ಕೇಳಿ" ಎನ್ನುತ್ತಾರೆ. ಡೀಲರು, "ಪೆಟ್ಟಿಗೆ ಬಂದದ್ದೇ ಹಾಗೆ" ಎನ್ನುತ್ತಾನೆ. ಪೆಟ್ಟಿಗೆಯವರು, "ದೋಣಿಯಲ್ಲಿ ಯಾರೂ ತಕರಾರು ಮಾಡಿಲ್ಲವಲ್ಲ" ಎನ್ನುತ್ತಾರೆ. ದೋಣಿಯವರನ್ನು ನಾನಿನ್ನೂ ಕೇಳಿಲ್ಲ.

ಮುಚ್ಚಳದ ಗಾಳಿಕಿಂಡಿಗಳಿಂದ, ತಂತಿ ಹೊರಬರುವ ಸಂದಿಯಿಂದ, ಗಂಟೆಗೆ ಅರವತ್ತು ಮೈಲಿಯ ಎದುರುಗಾಳಿಗೆ ಮಳೆ ಒಳಗೆ ನುಗ್ಗುತ್ತದೆ. ಬ್ಯಾಟರಿಯ ಮೈಮೇಲಿನ ಆ್ಯಸಿಡ್ ಪಸೆಯನ್ನು ತೊಳೆದುಕೊಂಡು ತಳದಲ್ಲಿ ನಿಲ್ಲುತ್ತದೆ. ಚಳಿಗಾಲ ಬಂದಾಗ ಹೆಪ್ಪುಗಟ್ಟಿ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಪೆಟ್ಟಿಗೆ ಬಿರಿಯುತ್ತದೆ. ಆಮೇಲೆ ನೀರು ಸರಾಗವಾಗಿ ಹರಿದುಹೋಗುತ್ತದೆ. ತಾವು ಮರೆತ ತೂತನ್ನು ಪ್ರಕೃತಿಯೇ ಹಾಕಿಕೊಟ್ಟಂತಾಯಿತು. ಆದರೆ ಅದು ಇಳಿಯುವುದು ಕಬ್ಬಿಣದ ಚೌಕಟ್ಟಿನ ಮೇಲೆ, ಬಣ್ಣ ತಿಂದುಕೊಂಡು.

ಇದನ್ನು ಕಂಡು ರೋಸಿಹೋದ ಕೆಲವರು ಎಲ್ಲ ಸಂದಿಗಳಿಗೂ ಸಿಲಿಕೋನ್ ಮೆತ್ತುತ್ತಾರೆ. ಅವರಿಗೂ ಈ ಪತ್ರದಲ್ಲಿ ಒಂದು ನಮಸ್ಕಾರ. ನೀರು ಹಾಕುವ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಕಿಡಿಯೊಂದು ಸಾಕು, ಮತ್ತು ಪಕ್ಕದಲ್ಲೇ ಪ್ರೊಪೇನ್ ಇದೆ. ಮೇಲಿನ ಕಿಂಡಿ ಇರಲೇಬೇಕು. ಬೇಕಾದ್ದು ಕೆಳಗೆ ತೂತು.

ಅದನ್ನು ಹಾಕುವುದು ಬ್ರಹ್ಮವಿದ್ಯೆಯಲ್ಲ. ಮೊದಲು ನೆಗೆಟಿವ್ ತಂತಿ ಬಿಚ್ಚಿ ಬ್ಯಾಟರಿ ಹೊರಗಿಡಬೇಕು (ಒಳಗಿಟ್ಟುಕೊಂಡೇ ಡ್ರಿಲ್ ಹಿಡಿಯುವ ಶೂರರೂ ಇರಬಹುದೆಂದು ಹೇಳುತ್ತಿದ್ದೇನೆ). ಮೂಕಿಗೆ ಅಡ್ಡಲಾಗಿ ಎರಡು ಕಬ್ಬಿಣದ ಆ್ಯಂಗಲ್ ಹಾಕಿ, ಅವುಗಳ ಮೇಲೆ ಪೆಟ್ಟಿಗೆ ಕೂರಿಸಿ, ತಳದ ಮೂಲಕ ಬೋಲ್ಟು ಹಾಯಿಸಿ ಅಗಲ ವಾಷರು, ಲಾಕ್‌ನಟ್ಟಿನೊಂದಿಗೆ ಬಿಗಿಯಬೇಕು. ಟ್ರೈಲರು ನಿಂತ ಕಡೆಯೆಲ್ಲ ಮೂತಿ ಒಂದೊಂದು ಥರ ವಾಲುವುದರಿಂದ ತಳದ ನಾಲ್ಕು ಮೂಲೆಗೂ ಒಂದೊಂದು ತೂತು ಬೇಕು. ಯಾವುದೂ ಕಬ್ಬಿಣದ ನೇರ ಮೇಲೆ ಬರಬಾರದು. ಬಂದರೆ ಒಂದು ತುಂಡು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಪಕ್ಕಕ್ಕೆ ಹರಿಸಬೇಕು. ಬೋಲ್ಟಿನ ತಲೆಗಳು ಬ್ಯಾಟರಿಯ ತಳ ಚುಚ್ಚದಂತೆ, ನೀರಿನ ದಾರಿಯೂ ಮುಚ್ಚದಂತೆ ಅಡಿಗೆ ರಬ್ಬರ್ ಪಟ್ಟಿಗಳನ್ನಿಟ್ಟು ಬ್ಯಾಟರಿಯನ್ನು ತುಸು ಮೇಲೆತ್ತಬೇಕು. ಅಡುಗೆ ಸೋಡಾ ಕಲಸಿದ ನೀರಿನಿಂದ ಆಗಾಗ ತೊಳೆದರೆ ಉಳಿದ ಆ್ಯಸಿಡ್ ಸತ್ತು, ಕೊಳೆಯೆಲ್ಲ ಅದೇ ತೂತಿನಿಂದ ಇಳಿಯುತ್ತದೆ.

ಹತ್ತಾರು ಸಾವಿರ ಡಾಲರ್ ಕೊಟ್ಟು ಟ್ರೈಲರು ಕೊಂಡವನು ಮೊದಲ ಭಾನುವಾರವೇ ಡ್ರಿಲ್ ಹಿಡಿದು ಇಷ್ಟೆಲ್ಲ ಮಾಡಬೇಕು. ಅಚ್ಚಿನಲ್ಲೇ ನಾಲ್ಕು ತೂತು ಬಿಟ್ಟು, ದೋಣಿಯವರಿಗೆಂದು ನಾಲ್ಕು ರಬ್ಬರ್ ಬಿರಡೆ ಜೊತೆಗೆ ಕೊಡುವುದು ತಮಗೆ ಕಷ್ಟವೇ? ಬಿರಡೆಯ ಖರ್ಚು ಜಾಸ್ತಿ ಎನ್ನುವುದಾದರೆ ಹೇಳಿ ಕಳಿಸಿ, ನಾವೇ ಚಂದಾ ಎತ್ತುತ್ತೇವೆ.

ಇಂತಿ ತಮ್ಮ ವಿಧೇಯ,
ಡ್ರಿಲ್ ಹಿಡಿದ ಗಿರಾಕಿ

ವಿ.ಸೂ.: ಕಾರಿನಲ್ಲಿ ಸಾಮಾನ್ಯವಾಗಿ ನೆಗೆಟಿವ್ ಆಗಿರುವ ಕಪ್ಪು ತಂತಿ ತಮ್ಮ ಟ್ರೈಲರಿನಲ್ಲಿ ಪಾಸಿಟಿವ್, ನೆಗೆಟಿವ್‌ಗೆ ಬಿಳಿ. ಈ ಕುರಿತು ಪ್ರತ್ಯೇಕ ಪತ್ರ ಬರೆಯುತ್ತಿದ್ದೇನೆ. ಕಾರಿನ ಲೆಕ್ಕ ಹಿಡಿದು ತಂತಿ ಅದಲುಬದಲು ಮಾಡಿ ಸುಟ್ಟುಕೊಂಡ ಫ್ಯೂಸುಗಳನ್ನು ಲಕೋಟೆಯಲ್ಲೇ ಹಾಕಿ ಕಳಿಸಿ ಎಂದು ಹಲವರು ಕೇಳಿಕೊಂಡಿದ್ದಾರೆ. ಅಂಚೆ ಖರ್ಚು ಯಾರದೆಂದು ತಿಳಿಸಿ.