ಎಫ್‌ಎಲ್ 2027 ಆಲೂಗಡ್ಡೆಗೆ ಒಂದು ಬಹಿರಂಗ ಪತ್ರ

ವಿಲೆ ಪಾರ್ಲೆ ಪೂರ್ವ, ಮುಂಬಯಿ

ಮಾನ್ಯ ಎಫ್‌ಎಲ್ 2027 ಸಾಹೇಬರೇ,

ಉಡುಪಿ ಸೀಮೆಯಿಂದ ಬಂದು ಪಾರ್ಲೆಯಲ್ಲಿ ನೆಲೆಸಿದವನ ನಮಸ್ಕಾರಗಳು. ಚಿಪ್ಸ್‌ಗೆಂದೇ ಹುಟ್ಟಿದ ತಮ್ಮಲ್ಲಿ ನೀರಿನಂಶ ಕಡಿಮೆ, ಕಾನೂನಿನಂಶ ಹೆಚ್ಚು ಎಂದು ಕೇಳಿ ಈ ಪತ್ರ.

ಒಡೆತನದ ಮಹಿಮೆ ನಮಗೂ ಹೊಸತಲ್ಲ. 1929ರಲ್ಲಿ ಇಲ್ಲಿ ಶುರುವಾದ ಮಿಠಾಯಿ ಕಾರ್ಖಾನೆಯೊಂದು ನಮ್ಮೂರಿನ ಹೆಸರನ್ನೇ ಇಟ್ಟುಕೊಂಡು ಬಿಸ್ಕತ್ತಿನ ಮೂಲಕ ಜಗತ್ತು ಸುತ್ತಿತು. ಊರು ರಾಯಧನ ಕೇಳಲಿಲ್ಲ. 2016ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದೇ ವರ್ಷ ತಾವು ಪೆಪ್ಸಿಕೋ ಕಂಪನಿಯ ಸಂರಕ್ಷಿತ ತಳಿಯಾಗಿ ನೋಂದಣಿಯಾದಿರಿ.

2019ರಲ್ಲಿ ಗುಜರಾತಿನ ಸಾಬರ್‌ಕಾಂಠಾದ ನಾಲ್ವರು ರೈತರು ತಮ್ಮನ್ನು ಅಪ್ಪಣೆಯಿಲ್ಲದೆ ಬೆಳೆದರೆಂದು ಕಂಪನಿ ತಲಾ ಒಂದು ಕೋಟಿ ರೂಪಾಯಿಗೂ ಮಿಕ್ಕಿ ಪರಿಹಾರ ಕೇಳಿತು. ಸಣ್ಣ ಹಿಡುವಳಿದಾರನ ಹೊಲದಲ್ಲಿ ಅಷ್ಟೊಂದು ಐಶ್ವರ್ಯ ಅಡಗಿರುವುದು ಸಾಲ ಕೊಡುವ ಬ್ಯಾಂಕಿನವರಿಗೂ ಗೊತ್ತಿರಲಿಲ್ಲ; ಕಂಡುಹಿಡಿದ ಕೀರ್ತಿ ತಮ್ಮ ಒಡೆಯರದು. ಕರುಣೆಯೂ ಇತ್ತು: ಬೀಜ ನಮ್ಮಲ್ಲೇ ಕೊಳ್ಳಿ, ಬೆಳೆ ನಮಗೇ ಮಾರಿ, ಇಲ್ಲವೇ ಬೆಳೆಯುವುದನ್ನೇ ಬಿಡಿ, ರಾಜಿಯಾಗೋಣ ಎಂದರು. ದೇಶವೆಲ್ಲ ಗದ್ದಲವೆದ್ದ ಮೇಲೆ, ಮೇ ತಿಂಗಳಲ್ಲಿ ಮೊಕದ್ದಮೆ ಹಿಂತೆಗೆದರು.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ಇಷ್ಟರಲ್ಲಿ ತಮ್ಮ ಕಿವಿಗೂ ಬಿದ್ದಿರಬೇಕು. ಬ್ರಾಂಡ್ ಹೆಸರು ಹಚ್ಚದಿದ್ದರೆ ಸಾಕು, ಸಂರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು. 2021ರ ಡಿಸೆಂಬರ್‌ನಲ್ಲಿ ಆ ಕಾಯ್ದೆಯಡಿಯ ಸಸ್ಯ ತಳಿ ಪ್ರಾಧಿಕಾರ ತಮ್ಮ ನೋಂದಣಿಯನ್ನೇ ರದ್ದುಮಾಡಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು. ಮರಳಿ ಪಟ್ಟವೇರಿದ್ದಕ್ಕೆ ಅಭಿನಂದನೆಗಳು.

ಈಗ ತಮ್ಮ ಬಡ ನೆಂಟನ ಸುದ್ದಿ. ಬದನೆಯೂ ತಾವೂ ಒಂದೇ ಕುಲದವರಲ್ಲವೇ? ನಮ್ಮ ಕಡೆಯ ಗುಳ್ಳ ಬದನೆಯನ್ನು ವಾದಿರಾಜ ಸ್ವಾಮಿಗಳು ಮಟ್ಟು ಗ್ರಾಮದವರಿಗೆ ಕೊಟ್ಟರೆಂದು ಪ್ರತೀತಿ. ಸ್ವಾಮಿಗಳು ಪೇಟೆಂಟ್ ಅರ್ಜಿ ಹಾಕಲು ಮರೆತರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಬೀಜ ಕಂಪನಿ ಮಹಿಕೋ ಕೂಡಿ ಉಡುಪಿ ಗುಳ್ಳ, ಕುಡಚಿ, ರಬಕವಿ ಮುಂತಾದ ಸ್ಥಳೀಯ ಬದನೆಗಳಿಗೆ ಬಿಟಿ ವಂಶವಾಹಿ ಸೇರಿಸಿದಾಗ ಜೀವವೈವಿಧ್ಯ ಕಾಯ್ದೆಯ ಅನುಮತಿಯನ್ನೇ ಪಡೆದಿರಲಿಲ್ಲವೆಂದು 2010ರಲ್ಲಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಟ್ಟಿತು. ಮರುವರ್ಷ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕ್ರಮಕ್ಕೆ ಮುಂದಾಯಿತು, ವಿಷಯ ಕೋರ್ಟಿಗೂ ಹೋಯಿತು. ಆದರೆ ಮಟ್ಟುವಿನ ರೈತರ ಮನೆಗೆ ಪರಿಹಾರದ ಕೋಟಿ ಹೊತ್ತು ಯಾರೂ ಬರಲಿಲ್ಲ. 2023ರ ತಿದ್ದುಪಡಿ ಆ ಕಾಯ್ದೆಯ ಜೈಲುಶಿಕ್ಷೆಯನ್ನು ತೆಗೆದು ದಂಡಕ್ಕೆ ಇಳಿಸಿತು.

ಹೀಗಾಗಿ ನನಗೆ ನ್ಯಾಯ ಅರ್ಥವಾಗಿದೆ: ಕಂಪನಿಯ ಆಲೂಗಡ್ಡೆ ರೈತನ ಹೊಲಕ್ಕೆ ಬಂದರೆ ಕಳವು, ರೈತನ ಬದನೆ ಪ್ರಯೋಗಾಲಯಕ್ಕೆ ಹೋದರೆ ಸಂಶೋಧನೆ.

ತಮ್ಮ ಒಡೆಯರಿಗೆ ಒಂದು ಮಾತು ಹೇಳಿ, ಚಿಪ್ಸ್ ಪೊಟ್ಟಣದ ಮೇಲೆ 39ನೇ ಕಲಂ ಅಚ್ಚು ಹಾಕಿಸಲಿ. ಅವರು ಹಾಕಿಸುವವರೆಗೆ ಕಾಯದೆ, ಓದುಗರು ತಮ್ಮ ಊರಿನ ಸಹಕಾರಿ ಸಂಘದ ಗೋಡೆಯ ಮೇಲೆ ಅದನ್ನು ಕನ್ನಡದಲ್ಲಿ ಬರೆಸಲಿ. ಜೊತೆಗೆ 44ನೇ ಕಲಮನ್ನೂ ಸೇರಿಸಲಿ: ಸಸ್ಯ ತಳಿ ಕಾಯ್ದೆಯಡಿ ಪ್ರಾಧಿಕಾರದ ಮುಂದೆ ಹೋಗುವ ರೈತ ಶುಲ್ಕ ಕಟ್ಟಬೇಕಾಗಿಲ್ಲ.

ಇತಿ,
ಗುಳ್ಳದ ಕಡೆಯವನು