ಓಟಗಾರನ ಸೀಟುಪ್ರಾಪ್ತಿ: ಐದು ತಾಲೂಕುಗಳ ಭಾಷ್ಯಸಮೇತ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಪ್ರಶ್ನೆ ಒಂದೇ: ಹೈಸ್ಕೂಲು ಮೈದಾನದಲ್ಲಿ ಎಲ್ಲರಿಗಿಂತ ಮೊದಲು ಸುಣ್ಣದ ಗೆರೆ ದಾಟಿದ ಹುಡುಗ ಕಾಲೇಜಿನ ಕ್ರೀಡಾ ಸೀಟು ಮುಟ್ಟುವುದು ಹೇಗೆ?

ಪೂರ್ವಪಕ್ಷದವರು ‘ಜೋರಾಗಿ ಓಡಿದರಾಯ್ತು’ ಎನ್ನುತ್ತಾರೆ. ಇವರು ಬರೀ ಕಾಲನ್ನು ನಂಬಿದ ಮುಗ್ಧರು. ಸಿದ್ಧಾಂತದ ಪ್ರಕಾರ ಓಟ ಎರಡು ವಿಧ: ಮಗನದು, ಅಪ್ಪನದು. ಮಗನದು ನೂರು ಮೀಟರಿಗೆ ಮುಗಿಯುತ್ತದೆ. ಅಪ್ಪನದು ಜನನ ಪ್ರಮಾಣಪತ್ರದಿಂದ ಹೊರಟು ಆಧಾರ್ ತಿದ್ದುಪಡಿ, ಜಾತಿ-ಆದಾಯ ಪತ್ರ, ಹೆಡ್‌ಮಾಸ್ಟರ ಸೀಲು ಹಾದು ಹೋಗುತ್ತದೆ. ಸೀಟು ನಿರ್ಧಾರವಾಗುವುದು ಎರಡನೆಯದರಲ್ಲಿ.

ಮೊದಲು ದೇಶವಿಚಾರ. 1997ರಲ್ಲಿ ಹರಪನಹಳ್ಳಿ ತಾಲೂಕು ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆ ಸೇರಿತು. ಎರಡು ದಶಕ ಕಳೆದ ಮೇಲೆ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಹೋಯಿತು. ಕೂತಲ್ಲಿಂದ ಏಳದೆ ಇಷ್ಟು ಓಡಿದ ಊರಿಗೆ ಯಾರೂ ಪದಕ ಕೊಟ್ಟಿಲ್ಲ. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣ ‘ಜಿಲ್ಲಾ ಮಟ್ಟ’ಕ್ಕೆ ದಾವಣಗೆರೆಯಲ್ಲಿ ಓಡಿದವನು, ತಮ್ಮ ಹೊಸಪೇಟೆಯಲ್ಲಿ ಓಡುವವನು. ಇಬ್ಬರಲ್ಲಿ ನಿಜವಾದ ಜಿಲ್ಲಾ ಚಾಂಪಿಯನ್ ಯಾರೆಂಬ ವಾದ ಇನ್ನೂ ಊಟದ ಹೊತ್ತಿಗೆ ನಡೆಯುತ್ತಿದೆ.

ಇನ್ನು ಕಾಲವಿಚಾರ. ನಮ್ಮಲ್ಲಿ ಕಾಲ ಪಿಟಿ ಮೇಷ್ಟ್ರ ಹೆಬ್ಬೆರಳಿನ ಅಧೀನ. ಪಿಸ್ತೂಲಿನ ಹೊಗೆ ಕಂಡು ಬೆರಳು ಒತ್ತುವಷ್ಟರಲ್ಲಿ ಹುಡುಗ ಒಂದು ಹೆಜ್ಜೆ ಮುಂದಿರುತ್ತಾನೆ. ಆದ್ದರಿಂದ ನೂರು ಮೀಟರಿನ, ಕೈಯಿಂದ ಒತ್ತಿದ ಸ್ಟಾಪ್‌ವಾಚಿನ ಸಮಯಕ್ಕೆ 0.24 ಸೆಕೆಂಡು, ನಾನೂರು ಮೀಟರಿನದಕ್ಕೆ 0.14 ಸೆಕೆಂಡು ಕೂಡಿಸಿ ವಿದ್ಯುನ್ಮಾನ ಸಮಯಕ್ಕೆ ಸರಿಹೊಂದಿಸುವ ರೂಢಿಯಿದೆ. ಕೊಟ್ಟೂರಿನಲ್ಲಿ 11.0 ಓಡಿ ಹಾರ ಹಾಕಿಸಿಕೊಂಡವನು ವಿದ್ಯುನ್ಮಾನ ಲೆಕ್ಕದಲ್ಲಿ 11.24 ಆಗುತ್ತಾನೆ. ಹಾರ ವಾಪಸು ಕೇಳುವ ಪದ್ಧತಿ ಇಲ್ಲ. ಗಾಳಿಯ ಲೆಕ್ಕ ಬೇರೆ: ಬೆನ್ನಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ನಿಲ್ಲುವುದಿಲ್ಲ. ಹರಪನಹಳ್ಳಿಯ ಗುಡ್ಡಗಳ ಮೇಲೆ ಕರೆಂಟಿಗಾಗಿ ಗಾಳಿ ಅಳೆಯುತ್ತಾರೆ. ಮೈದಾನದಲ್ಲಿ ಅದನ್ನು ಅಳೆಯುವುದು ಧೂಳು.

ವಯೋವಿಚಾರ ಅತ್ಯಂತ ಗಹನ. ಈ ಸೀಮೆಯಲ್ಲಿ ಬಹಳ ಮಕ್ಕಳು ಜೂನ್ 1ರಂದೇ ಹುಟ್ಟಿದ್ದಾರೆ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರೇ ಸೂಲಗಿತ್ತಿ. ಮುಂದೆ ದೊಡ್ಡ ಕೂಟದಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯನ್ನೇ ವಯಸ್ಸು ಕೇಳುವುದುಂಟು. ಮೂಳೆ ದಾಖಲಾತಿ ರಿಜಿಸ್ಟರ್ ಓದಿರುವುದಿಲ್ಲ.

ಇನ್ನುಳಿದದ್ದು ಆಯ್ಕೆವಿಚಾರ. ಅಮೆರಿಕದಲ್ಲಿ ಕೋಚೇ ಓಟಗಾರನನ್ನು ಹುಡುಕಿಕೊಂಡು ಬರುತ್ತಾನೆ. ದೆಹಲಿಯ ತೇಜಸ್ವಿನ್ ಶಂಕರ್ ಎತ್ತರ ಜಿಗಿತದ ಸ್ಕಾಲರ್‌ಶಿಪ್ಪಿನ ಮೇಲೆಯೇ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದದ್ದು. ಕೂಡ್ಲಿಗಿ ಕಡೆ ಓಟಗಾರನನ್ನು ಹುಡುಕಿಕೊಂಡು ಬರುವುದು ಗುಡೇಕೋಟೆಯ ಕರಡಿ. ಸ್ಕಾಲರ್‌ಶಿಪ್ ಕೊಡದಿದ್ದರೂ ಸಮಯವನ್ನು ಖಂಡಿತ ಸುಧಾರಿಸುತ್ತದೆ. ಆದ್ದರಿಂದ ನಾವೇ ಹೋಗಬೇಕು. ಘಟ್ಟ ಇಳಿದರೆ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆ, ಆಯ್ಕೆಯಾದವರನ್ನು ದತ್ತು ಪಡೆದು ಊಟ, ವಸತಿ, ಓದು ಉಚಿತವಾಗಿ ಕೊಡುತ್ತದೆ. ಹತ್ತಿರದಲ್ಲಿ ತೋರಣಗಲ್ಲಿನ ವಿದ್ಯಾನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, 2018ರದು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲುಗಳೂ ಇವೆ. ಟ್ರಯಲ್ಸಿನ ಸುದ್ದಿ ಹಡಗಲಿ ಮುಟ್ಟುವಷ್ಟರಲ್ಲಿ ಟ್ರಯಲ್ಸ್ ಮುಗಿದಿರುವ ಸಂಭವವೂ ಇದೆ. ಆಯ್ಕೆ ಪಟ್ಟಿಯಂತೂ ಮೈಲಾರದ ಕಾರಣಿಕದಂತೆ: ನುಡಿ ಒಂದೇ ಸಾಲು, ಅರ್ಥ ಕೇಳಿದವರಷ್ಟು.

ಹುಡುಗಿಯರ ಶಾಸ್ತ್ರ ಇನ್ನೂ ಜಟಿಲ. ಕಾಲು ಗೆದ್ದು, ಕಾಗದ ಗೆದ್ದು, ಮೂಳೆಯೂ ಒಪ್ಪಿದ ಮೇಲೆ ಹಾಸ್ಟೆಲಿಗೆ ಕಳಿಸಲು ಅಜ್ಜಿಯ ಒಪ್ಪಿಗೆ ಬೇಕು. ಈ ಸುತ್ತಿನಲ್ಲಿ ಸೋತು ಎಸ್ಸೆಸ್ಸೆಲ್ಸಿಗೇ ಓಟ ನಿಲ್ಲಿಸಿದವರ ಸಮಯವನ್ನು ಯಾವ ಗಡಿಯಾರವೂ ಬರೆದಿಟ್ಟಿಲ್ಲ. ಅಣಕದ ನಡುವೆ ಇದೊಂದು ಮಾತು ಅಣಕವಲ್ಲ.

ಈ ಬಾರಿ ಟ್ರಯಲ್ಸಿಗೆ ಹೊರಟವರು ಮೂಲ ದಾಖಲೆ, ಎರಡು ಸೆಟ್ ಜೆರಾಕ್ಸ್, ಆರು ಫೋಟೊ ಒಯ್ಯಿರಿ. ಜಾಗವಿದ್ದರೆ ಸ್ಪೈಕ್ಸ್ ಕೂಡ.