ನೊಣ ಕಟ್ಟುವ ಮಹನೀಯರು

ಕೆಲಸವಿಲ್ಲದವನನ್ನು ಕಂಡು ‘ನೊಣ ಹೊಡೆಯುತ್ತ ಕುಳಿತಿದ್ದಾನೆ’ ಎಂದು ಹಗುರವಾಗಿ ಆಡಿಬಿಡುವ ನಾಡಿನಿಂದ ಹೋದ ನನಗೆ, ನೊಣ ಕಟ್ಟುವುದನ್ನೇ ಪರಮಪುರುಷಾರ್ಥವೆಂದು ಬಗೆದ ಮಹನೀಯರೊಬ್ಬರ ಮಾಳಿಗೆಯಲ್ಲಿ ಎರಡು ವರ್ಷ ಬಾಡಿಗೆಗಿರುವ ಯೋಗವು ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಒದಗಿತು. ಸುಣ್ಣದ ನೆಲದಲ್ಲಿ ಸೋಸಿ ಬಂದುದರಿಂದ ತಳದ ಕಲ್ಲನ್ನೂ ಎಣಿಸಬಹುದಾದಷ್ಟು ತಿಳಿಯಾದ ಇಚೆನ್ ನದಿ ಆ ಊರಿನ ಮಗ್ಗುಲಲ್ಲೇ ಹರಿಯುತ್ತದೆ. ಅದರ ಟ್ರೌಟ್ ಮೀನುಗಳು ನೀರಿನ ಮೇಲೆ ತೇಲುವ ಹುಳುಗಳನ್ನು ಮೆಲ್ಲನೆದ್ದು ನುಂಗುತ್ತವೆ. ಆ ಹುಳುವಿನ ಪ್ರತಿರೂಪವನ್ನು ಗಾಳದ ಮೇಲೆ ಗರಿ, ತುಪ್ಪಳ, ರೇಷ್ಮೆಗಳಿಂದ ಕಟ್ಟಿ ಮೀನನ್ನು ವಂಚಿಸುವುದೇ ನಮ್ಮ ಮನೆಯೊಡೆಯರ ವಿದ್ಯೆ.

ಊಟದ ಮೇಜಿನಂಚಿಗೆ ಬಿಗಿದ ಪುಟ್ಟ ವೈಸಿನಲ್ಲಿ ಭತ್ತದ ಕಾಳಿನಷ್ಟು ಗಾಳವನ್ನು ಕಚ್ಚಿಸಿ, ಅದರ ಮೇಲೆ ಮೊಲದ ಕಿವಿಯ ತುಪ್ಪಳ, ನವಿಲುಗರಿಯ ಎಳೆ, ಹುಂಜದ ಕತ್ತಿನ ಗರಿಗಳನ್ನು ಅವರು ಒಂದೊಂದಾಗಿ ಏರಿಸುತ್ತಿರುವಷ್ಟು ಹೊತ್ತೂ ಅವರ ಶ್ರೀಮತಿಯವರು ತಟ್ಟೆಗಳನ್ನು ಹಿಡಿದು ನಿಂತಿರುತ್ತಿದ್ದರು. ಅಲಂಕಾರ ಮುಗಿಯದೆ ನೈವೇದ್ಯವೆಲ್ಲಿಯದು? ನೆರೆಮನೆಯ ಹುಂಜದ ಮೇಲೆ ಬೀಳುವ ಮನೆಯೊಡೆಯರ ದೃಷ್ಟಿಯಲ್ಲಿ ಹಸಿವಿಗಿಂತ ಘೋರವಾದುದೇನೋ ಇತ್ತು. ಬೆಕ್ಕಂತೂ ಅವರು ಕನ್ನಡಕ ತೊಟ್ಟೊಡನೆ ಬಾಗಿಲು ದಾಟುತ್ತಿತ್ತು. ‘ಟಪ್ಸ್ ಇಂಡಿಸ್ಪೆನ್ಸಬಲ್’ ಎಂಬ ಪ್ರಖ್ಯಾತ ನೊಣಕ್ಕೆ ಟಗರಿನ ಯಾವ ಅಂಗದ ಉಣ್ಣೆಯೇ ಆಗಬೇಕೆಂಬುದನ್ನು ಶ್ರೀಮತಿಯವರ ಸಮ್ಮುಖದಲ್ಲಿಯೇ ನನಗೆ ಸವಿಸ್ತಾರವಾಗಿ ತಿಳಿಸಿದರು. ಓದುಗರಿಗೆ ನಾನು ತಿಳಿಸಲಾರೆ.

ಗಾಳದ ಮೀನುಬೇಟೆಯ ಕುರಿತು ಗ್ರಂಥ ಬರೆದ ಐಸಾಕ್ ವಾಲ್ಟನ್ನನ ಸಮಾಧಿ ಅಲ್ಲಿಯ ಕೆಥೆಡ್ರಲಿನಲ್ಲಿದೆ. ಋತುವಿನ ಮೊದಲ ದಿನ ಅಲ್ಲಿಗೆ ಹೋಗಿ ಟೋಪಿ ತೆಗೆದು ನಿಲ್ಲುತ್ತಿದ್ದ ಇವರೇ, ಆತನ 1653ರ ಗ್ರಂಥದಲ್ಲಿ ಎರೆಹುಳುವಿನ ಪ್ರಸ್ತಾಪವಿರುವ ಪುಟಗಳನ್ನು ಗುಂಡುಸೂಜಿ ಚುಚ್ಚಿ ಮುಚ್ಚಿಟ್ಟಿದ್ದರು. ನೊಣವು ತೇಲತಕ್ಕದ್ದೆಂದು 1886ರ ತನ್ನ ಗ್ರಂಥದಲ್ಲಿ ಸಾರಿದ ಹಾಲ್‌ಫರ್ಡನು ಇವರಿಗೆ ಆಚಾರ್ಯ. ಮುಳುಗಿದ ನೊಣಕ್ಕೂ ಸ್ಥಾನವುಂಟೆಂದು 1910ರಲ್ಲಿ ಬರೆದ ವಕೀಲ ಸ್ಕೂಸನು, ಇದೇ ಇಚೆನ್ನಿನಲ್ಲಿ ಮೀನು ಹಿಡಿದವನಾದರೂ, ಪಾಷಂಡಿ. ಆತನು ಮೀನು ಹಿಡಿಯುತ್ತಿದ್ದನೆಂಬುದು ಆಕ್ಷೇಪಕ್ಕೆ ಸಮಾಧಾನವಾಗಲಾರದಂತೆ.

ಒಮ್ಮೆ ದಂಡೆಗೆ ಜೊತೆಯಾಗಿ ಹೋದೆ. ಎದುರಿಗೇ ದೊಡ್ಡ ಮೀನೊಂದು ಮತ್ತೆ ಮತ್ತೆ ಏಳುತ್ತಿತ್ತು. ಇವರು ತೇಲಿಬಂದ ಹುಳುವೊಂದನ್ನು ಜಾಲರಿಯಲ್ಲೆತ್ತಿ, ರೆಕ್ಕೆ ಮಬ್ಬಾಗಿದ್ದರೆ ಈಗಷ್ಟೇ ನೀರಿನಿಂದೆದ್ದದ್ದು, ಪಾರದರ್ಶಕವಾಗಿದ್ದರೆ ಮತ್ತೊಮ್ಮೆ ಪೊರೆ ಕಳಚಿದ್ದು ಎಂದು ಲಕ್ಷಣ ಹೇಳಿ, ಡಬ್ಬಿ ತೆರೆದು, ಇನ್ನೂರು ನೊಣಗಳಲ್ಲಿ ನಾಲ್ಕನ್ನು ಆಯ್ದು, ನಾಲ್ಕರಲ್ಲಿ ಒಂದನ್ನು ನಿಶ್ಚಯಿಸಿದರು.

‘ಇನ್ನು ಹಾಕಿಬಿಡಿ,’ ಎಂದೆ.

‘ಬಾಲದ ಬಣ್ಣ ಒಂದಿಷ್ಟು ಗಾಢವಾಯಿತು. ಇದನ್ನು ತೋರಿಸಿದರೆ ಮೀನು ನನ್ನ ವಿಷಯದಲ್ಲಿ ಏನು ತಿಳಿದೀತು?’ ಎಂದು ಡಬ್ಬಿ ಮುಚ್ಚಿ, ಸರಿಯಾದುದನ್ನು ಕಟ್ಟಲು ಮನೆಗೆ ಹೊರಟರು. ಮೀನು ಏಳುತ್ತಲೇ ಇತ್ತು.

ನಾನು ಊರಿಗೆ ಹೊರಡುವ ವೇಳೆಗೆ ಹಳೆಯ ಲಕೋಟೆಯೊಂದನ್ನು ಬಿಚ್ಚಿ ತೋರಿಸಿದರು: ತುದಿಯಲ್ಲಿ ಅರಗಿನ ಬೊಟ್ಟಿಟ್ಟಂತೆ ಹೊಳೆಯುವ ಗರಿಗಳು, ನಮ್ಮ ಮಲೆನಾಡಿನ ಕಾಡುಕೋಳಿಯ ಕತ್ತಿನವು! ಹಿಂದೆ ಅವು ಭಾರತದಿಂದ ಮೂಟೆಗಟ್ಟಲೆ ಹಡಗೇರುತ್ತಿದ್ದವು. ಇನ್ನಷ್ಟು ತರಲಾದೀತೆ ಎಂಬ ಪ್ರಶ್ನೆಗೆ, ಕಾನೂನು ಬಿಡದೆಂದು ಹೇಳಿದಾಗ ಆ ಮುಖವು ಬಾಡಿದುದನ್ನು ಕಂಡು, ಶಿಡ್ಲಘಟ್ಟದಿಂದ ಹಳದಿ ರೇಷ್ಮೆಯದೊಂದು ಲಡಿ ಕಳುಹಿಸುವೆನೆಂದು ಮಾತು ಕೊಟ್ಟೆ. 1854ರಿಂದ ಹೆಸರುವಾಸಿಯಾದ ‘ಗ್ರೀನ್‌ವೆಲ್ಸ್ ಗ್ಲೋರಿ’ ನೊಣದ ಮೈಗೆ ಹಳದಿ ರೇಷ್ಮೆಯೇ ಬೇಕು. ಚಮ್ಮಾರರ ಮೇಣ ಸವರಿದರೆ ಅದು ಹಸಿರುಗಂದಿಗೆ ತಿರುಗುತ್ತದೆ.

ರೇಷ್ಮೆ ತಲುಪಿತೆಂದು ಕಾಗದ ಬಂದಿದೆ. ಅದರಿಂದ ಈವರೆಗೆ ನಲವತ್ತೊಂದು ನೊಣಗಳು ಸಿದ್ಧವಾಗಿವೆಯಂತೆ. ಒಂದೂ ನೀರು ಮುಟ್ಟಿಲ್ಲವೆಂದು ಕೆಳಗೆ ಶ್ರೀಮತಿಯವರ ಕೈಬರಹದಲ್ಲಿದೆ.